ಬಲಗಣ್ಣೋ, ಎಡಗಣ್ಣೋ? ಜಾವಾದಲ್ಲಿ ಒಂದು ಪುಟ್ಟ ಫಾರ್ಮ್

ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಅಂತ ಒಮ್ಮೆ ಗೊತ್ತಾಯಿತೆಂದರೆ ಮುಗಿಯಿತು. ಊರಿನವರ ಲೆಕ್ಕದಲ್ಲಿ ನೀವು ಪ್ರಿಂಟರ್ ರಿಪೇರಿಯಿಂದ ಹಿಡಿದು ಹಾಲಿನ ಸೊಸೈಟಿಯ ಲೆಕ್ಕಪತ್ರದವರೆಗೆ ಎಲ್ಲ ಬಲ್ಲವರು. ಹಬ್ಬಕ್ಕೆ ಹೋದಾಗ ಸೋದರಮಾವನೋ ಹೈಸ್ಕೂಲಿನ ಮೇಷ್ಟ್ರೋ ಕೇಳಿಯೇ ಕೇಳುತ್ತಾರೆ: "ಮುಂದಿನ ತಿಂಗಳು ನಮ್ಮ ಶಾಲೆಯಲ್ಲಿ ಕಣ್ಣಿನ ಶಿಬಿರ ಇದೆ ಕಣಪ್ಪ. ಬಂದೋರ ಹೆಸರು, ವಿವರ ಬರ್ಕೊಳ್ಳೋಕೆ ಕಂಪ್ಯೂಟರಲ್ಲಿ ಏನಾದ್ರೂ ಮಾಡ್ಕೊಡು."

ಎರಡು ಗಂಟೆ ಕೆಲಸ ಅಂತ ನಿಮಗನ್ನಿಸುತ್ತದೆ. ನಿಜವೇ. ಒಂದು ವಿಂಡೊ ತೆರೆದು, ಏಳೆಂಟು ಬಾಕ್ಸ್ ಜೋಡಿಸಿ, ಕೆಳಗೊಂದು 'ಸೇವ್' ಬಟನ್ ಇಡೋದು ಕಾಲೇಜಿನಲ್ಲಿ ಜಾವಾ ಕಲಿತ ಯಾರಿಗಾದರೂ ಬರುತ್ತದೆ. ಆದರೆ ಅದೇ ಫಾರ್ಮಿನ ಒಂದು ಬಟನ್ ಹಿಂದಿನ ರೋಗಿಯ ಉತ್ತರವನ್ನೇ ಹಿಡಿದುಕೊಂಡು ಕೂತರೆ, ಬಲಗಣ್ಣಿನ ಪೊರೆ ತೋರಿಸಲು ಬಂದ ಅಜ್ಜಿಯ ಹೆಸರಿನ ಮುಂದೆ 'ಎಡಗಣ್ಣು' ಅಂತ ದಾಖಲಾಗುತ್ತದೆ. ಹಾಗಾಗೋದು ಹೇಗೆ, ಆಗದಂತೆ ಕಟ್ಟೋದು ಹೇಗೆ ಅಂತ ನೋಡೋಣ. ಇಲ್ಲಿ ಕೋಡ್ ಪೂರ್ತಿ ಹಾಕುತ್ತಿಲ್ಲ. ಫೋನಿನ ಪರದೆಯಲ್ಲಿ ಕೋಡ್ ಓದೋದು ಹಿಂಸೆ. ಹೆಸರುಗಳನ್ನು ಹೇಳುತ್ತೇನೆ, ಹುಡುಕಿದರೆ ಮಾದರಿ ಸಿಗುತ್ತದೆ.

ಕಣ್ಣಿನ ಶಿಬಿರ ನಮ್ಮ ನಾಡಿಗೆ ಹೊಸದಲ್ಲ. ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ಶಿಬಿರಗಳಲ್ಲೇ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿದ್ದನ್ನು ಮನೆಯ ಹಿರಿಯರು ಇವತ್ತಿಗೂ ನೆನೆಯುತ್ತಾರೆ. ಈಗಿನ ಶಿಬಿರಗಳಲ್ಲಿ ಸಾಮಾನ್ಯವಾಗಿ ಊರಿನಲ್ಲಿ ತಪಾಸಣೆ ಮಾತ್ರ. ಪೊರೆ ಇದ್ದವರನ್ನು ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಬೆಳಿಗ್ಗೆ ಶಾಲೆಯ ವರಾಂಡದಲ್ಲಿ ಟೈಪ್ ಮಾಡಿದ ಪಟ್ಟಿಯೂ ಅವರ ಜೊತೆ ಬಸ್ಸು ಹತ್ತುತ್ತದೆ. ಅಲ್ಲಿ ಅದನ್ನು ಓದುವವರು ವರಾಂಡದಲ್ಲಿ ಇದ್ದವರಲ್ಲ.

ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷೆ ಇದ್ದೇ ಇರುತ್ತದೆ, ಹೌದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲೂ ರೋಗಿ ಯಾರು, ಶಸ್ತ್ರಚಿಕಿತ್ಸೆ ಯಾವ ಜಾಗಕ್ಕೆ ಅನ್ನೋದನ್ನು ಖಚಿತಪಡಿಸಿಕೊಳ್ಳುವ ಹಂತ ಇದೆ. ಆದರೂ ಮುಂದಿನವರು ಹಿಡಿಯುತ್ತಾರೆ ಅಂತ ಮೊದಲ ಪಟ್ಟಿಯಲ್ಲೇ ತಪ್ಪು ಬಿಟ್ಟು ಕಳಿಸೋದು ಯಾವ ನ್ಯಾಯ?

ಜಾವಾ ಯಾಕ್ರೀ, ಗೂಗಲ್ ಫಾರ್ಮ್ ಇಲ್ವಾ?

ಇದೆ. ನೆಟ್‌ವರ್ಕ್ ಚೆನ್ನಾಗಿದ್ದು, ಬಂದವರೇ ತಮ್ಮ ಫೋನಿನಲ್ಲಿ ತುಂಬುವ ಹಾಗಿದ್ದರೆ ಅದೇ ಸಾಕು. ಐವತ್ತು ಜನ ಮಾತ್ರ ಬರೋದಾದರೆ ಎಕ್ಸೆಲ್ ಕೂಡ ಸಾಕು. ಆದರೆ ಎಕ್ಸೆಲ್‌ನಲ್ಲಿ ಯಾರೋ ಒಂದೇ ಕಾಲಂ ಆಯ್ದು ಸಾರ್ಟ್ ಒತ್ತಿದರೆ ಹೆಸರುಗಳು ಒಂದು ಕಡೆ, ಕಣ್ಣುಗಳು ಇನ್ನೊಂದು ಕಡೆ ಆಗುತ್ತವೆ. ಹಾಗೆ ಆದದ್ದು ಗೊತ್ತೂ ಆಗೋದಿಲ್ಲ.

ಹಳ್ಳಿ ಶಾಲೆಯ ವರಾಂಡ, ಒಂದು ಹಳೆಯ ವಿಂಡೋಸ್ ಲ್ಯಾಪ್‌ಟಾಪ್, ನೆಟ್‌ವರ್ಕ್ ಇಲ್ಲ, ಟೈಪ್ ಮಾಡುವವರು ಒಬ್ಬರು ಅಂದಾಗ ಡೆಸ್ಕ್‌ಟಾಪ್ ಫಾರ್ಮಿಗೆ ಅರ್ಥ ಬರುತ್ತದೆ. ಜಾವಾ ಜೊತೆ ಬರುವ ಸ್ವಿಂಗ್ ಅನ್ನೋ ಸಾಮಗ್ರಿ 1998ರ ಜಾವಾ 1.2ರಿಂದಲೂ ಇದೆ. ಅದಾದ ಮೇಲೆ ಬಂದ ಜಾವಾಎಫ್ಎಕ್ಸ್ ನೋಡೋಕೆ ಚೆಂದ, ಆದರೆ 2018ರ ಜಾವಾ 11ರಲ್ಲಿ ಅದನ್ನು ಜೆಡಿಕೆಯಿಂದ ಹೊರಗಿಟ್ಟರು, ಬೇರೆಯಾಗಿ ತಂದು ಜೋಡಿಸಿಕೊಳ್ಳಬೇಕು. ಸ್ವಿಂಗ್ ಹಳೇ ಅಂಬಾಸಿಡರ್ ಕಾರಿನ ಹಾಗೆ, ಶೋಕಿ ಇಲ್ಲ, ಆದರೆ ಸ್ಟಾರ್ಟ್ ಆಗುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಬೇಕು.

ಬೇಕಾದ ಸಾಮಾನು ಇಷ್ಟೇ. ವಿಂಡೊಗೆ ಜೆಫ್ರೇಮ್, ಹೆಸರುಪಟ್ಟಿಗೆ ಜೆಲೇಬಲ್, ಟೈಪ್ ಮಾಡೋಕೆ ಜೆಟೆಕ್ಸ್ಟ್‌ಫೀಲ್ಡ್, ಊರಿನ ಪಟ್ಟಿಗೆ ಜೆಕಾಂಬೊಬಾಕ್ಸ್, ಕಣ್ಣಿಗೆ ಜೆರೇಡಿಯೊಬಟನ್, ಕೊನೆಗೆ ಜೆಬಟನ್. ಜೆಫ್ರೇಮ್‌ನ ಒಂದು ಚೇಷ್ಟೆ ಮಾತ್ರ ನೆನಪಿರಲಿ: ನೀವಾಗಿ ಹೇಳದಿದ್ದರೆ, ಮೂಲೆಯ ಎಕ್ಸ್ ಒತ್ತಿದಾಗ ವಿಂಡೊ ಕಣ್ಮರೆಯಾಗುತ್ತದೆ ಅಷ್ಟೇ, ಪ್ರೋಗ್ರಾಂ ಒಳಗೆ ಓಡುತ್ತಲೇ ಇರುತ್ತದೆ. ಮುಚ್ಚಿದಾಗ ಎಕ್ಸಿಟ್ ಆಗಬೇಕು ಅಂತ ಒಂದು ಸಾಲು ಬರೆಯಿರಿ.

ಜೋಡಣೆಗೆ ಗ್ರಿಡ್‌ಬ್ಯಾಗ್‌ಲೇಔಟ್ ಬಳಸಿ. ಅದನ್ನು ಬೈಯದ ಜಾವಾ ಪ್ರೋಗ್ರಾಮರ್ ಇಲ್ಲ. ಬೇಡವಾದರೆ ನೆಟ್‌ಬೀನ್ಸ್‌ನಲ್ಲಿ ಎಳೆದು ಬಿಡುವ ಸೌಲಭ್ಯ ಇದೆ. ಯಾವುದೂ ಬೇಡ ಅಂತ ಅಳತೆ ಹಾಕಿ ಬಾಕ್ಸ್ ಕೂರಿಸಲು ಹೋದರೆ, ಸ್ಕ್ರೀನ್ ಸ್ಕೇಲಿಂಗ್ 125% ಇಟ್ಟ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಏರುಪೇರಾಗಬಹುದು. ಕನ್ನಡಕ್ಕೆ ಇನ್ನೊಂದು ತೊಂದರೆಯೂ ಇದೆ. ಇಂಗ್ಲಿಷಿಗೆ ಸಾಕಾಗುವ ಎತ್ತರದ ಬಾಕ್ಸಿನಲ್ಲಿ ನಮ್ಮ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. ಪರೀಕ್ಷೆಗೆ 'ಸ್ತ್ರೀ' ಅಂತ ಟೈಪ್ ಮಾಡಿ ನೋಡಿ, ಗೊತ್ತಾಗುತ್ತದೆ.

ಲಕ್ಷ್ಮಮ್ಮನಿಗೆ ಎಷ್ಟು ಅಕ್ಷರ?

ಮೊದಲ ಬಾಕ್ಸ್ ಹೆಸರು. ಇಂಗ್ಲಿಷ್ ಪುಸ್ತಕದಿಂದ ಕಲಿತವರ ಕೈ ತಾನಾಗಿ 'ಫಸ್ಟ್ ನೇಮ್', 'ಲಾಸ್ಟ್ ನೇಮ್' ಅಂತ ಎರಡು ಬಾಕ್ಸ್ ಇಡುತ್ತದೆ, ಎರಡೂ ಕಡ್ಡಾಯ. ಶಿಬಿರಕ್ಕೆ ಬಂದ ಲಕ್ಷ್ಮಮ್ಮನಿಗೆ ಲಾಸ್ಟ್ ನೇಮ್ ಎಲ್ಲಿಂದ ತರೋಣ? ಟೈಪ್ ಮಾಡುವವರು ಒಂದು ಚುಕ್ಕಿ ಒತ್ತಿ ಮುಂದೆ ಹೋಗುತ್ತಾರೆ. ಸಂಜೆ ನೋಡಿದರೆ ಅರ್ಧ ಊರಿನ ಮನೆತನದ ಹೆಸರು ಚುಕ್ಕಿ. ಒಂದೇ ಉದ್ದದ ಬಾಕ್ಸ್ ಇಡಿ, 'ಪೂರ್ತಿ ಹೆಸರು' ಅನ್ನಿ. ಇನಿಷಿಯಲ್ ಮುಂದೆ ಹಾಕೋರು ಮುಂದೆ ಹಾಕಲಿ, ಅಡ್ಡಹೆಸರು ಹಿಂದೆ ಹೇಳೋರು ಹಿಂದೆ ಹೇಳಲಿ.

'ಹೆಸರಲ್ಲಿ ಅಕ್ಷರ ಬಿಟ್ಟು ಬೇರೇನೂ ಇರಬಾರದು' ಅನ್ನೋ ತಪಾಸಣೆ ಹಾಕುವ ಅಭ್ಯಾಸವೂ ಇದೆ. ಇದು ಕನ್ನಡದಲ್ಲಿ ಕೈಕೊಡುತ್ತದೆ. ಎ-ಯಿಂದ ಝೆಡ್ ಅಂತ ಬರೆದರೆ ಕನ್ನಡವೇ ಒಳಗೆ ಬರೋದಿಲ್ಲ, ಅದು ಗೊತ್ತೇ ಇದೆ. ಆದರೆ ಜಾಣತನದಿಂದ ಕ್ಯಾರೆಕ್ಟರ್ ಈಸ್‌ಲೆಟರ್ ಅಂತ ಕೇಳಿದರೂ ತೊಂದರೆ ತಪ್ಪಿದ್ದಲ್ಲ. ಯೂನಿಕೋಡ್ ಲೆಕ್ಕದಲ್ಲಿ ಗುಡಿಸು, ಕೊಂಬು, ಇಳಿ, ಅರ್ಧಾಕ್ಷರದ ಚಿಹ್ನೆ ಇವೆಲ್ಲ 'ಅಕ್ಷರ' ಅಲ್ಲ, 'ಮಾರ್ಕ್'. ಗಿರಿಜಮ್ಮ ಅಂತ ಬರೆದರೆ ಗಕಾರ ಪಾಸು, ಅದರ ಗುಡಿಸು ಫೇಲು! ಮಾರ್ಕ್‌ಗಳನ್ನೂ ಒಪ್ಪುವ ಹಾಗೆ ಬರೆಯಬೇಕು. ನನ್ನನ್ನು ಕೇಳಿದರೆ ಹೆಸರಿಗೆ ತಪಾಸಣೆಯೇ ಬೇಡ, ಖಾಲಿ ಇರಬಾರದು ಅಂದರೆ ಸಾಕು.

ಉದ್ದದ ಮಿತಿ ಹಾಕುವಾಗಲೂ ಇದೇ ಕಥೆ. 'ಲಕ್ಷ್ಮಮ್ಮ' ನಮ್ಮ ಕಣ್ಣಿಗೆ ಮೂರು ಅಕ್ಷರ: ಲ, ಕ್ಷ್ಮ, ಮ್ಮ. ಜಾವಾ ಎಣಿಸಿದರೆ ಒಂಬತ್ತು. 'ಕೃಷ್ಣಪ್ಪ' ಎಂಟು. ಇಪ್ಪತ್ತು ಅಕ್ಷರ ಧಾರಾಳವಾಯಿತು ಅಂತ ಮಿತಿ ಇಟ್ಟರೆ, ತಂದೆ ಹೆಸರೂ ಸೇರಿಸಿ ಹೇಳುವವರ ಹೆಸರು ನಡುವೆಯೇ ತುಂಡಾಗುತ್ತದೆ.

ಟೈಪ್ ಮಾಡುವವರು ನುಡಿ ಕಲಿತವರಾಗಿದ್ದರೆ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಕೈಗೆ ಹತ್ತಿರುತ್ತದೆ, ಅದನ್ನೇ ಬಳಸಲಿ. ಆದರೆ ಹಳೆಯ ಫಾಂಟ್ ಪದ್ಧತಿಯಲ್ಲಲ್ಲ, ಯೂನಿಕೋಡ್‌ನಲ್ಲಿ ಇದೆಯಾ ಅಂತ ಮೊದಲೇ ನೋಡಿ. ಇಲ್ಲದಿದ್ದರೆ ನಿಮ್ಮ ಬಾಕ್ಸಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ.

ಒಂದೇ ಊರಿಂದ ನಾಲ್ವರು ಲಕ್ಷ್ಮಮ್ಮ ಬರ್ತಾರೆ. ಅದಕ್ಕೇ ಹೆಸರಿಗಿಂತ ಮೇಲೆ ಟೋಕನ್ ಸಂಖ್ಯೆಯ ಬಾಕ್ಸ್ ಇರಲಿ. ಕೈಯಲ್ಲಿರುವ ಚೀಟಿಯ ಸಂಖ್ಯೆಯೂ ಕಂಪ್ಯೂಟರಿನ ಸಂಖ್ಯೆಯೂ ಒಂದೇ ಆಗಿರಬೇಕು. ಡೇಟಾಬೇಸಿನಲ್ಲಿ ಆ ಕಾಲಮ್ಮಿಗೆ 'ಯೂನಿಕ್' ಅಂತ ಹಾಕಿದರೆ ಒಂದೇ ಟೋಕನ್ ಎರಡು ಸಲ ಒಳಗೆ ಹೋಗದು.

ವಯಸ್ಸು, ಫೋನು

ಹುಟ್ಟಿದ ದಿನಾಂಕ ಕೇಳಬೇಡಿ. ಎಪ್ಪತ್ತು ದಾಟಿದ ಎಷ್ಟೋ ಜನಕ್ಕೆ ಅದು ಗೊತ್ತಿಲ್ಲ. "ದೊಡ್ಡ ಮಳೆ ಬಂದ ವರ್ಷ ಹುಟ್ಟಿದ್ದಂತೆ" ಅಂತಾರೆ. ಕಡ್ಡಾಯ ಮಾಡಿದರೆ ಟೈಪ್ ಮಾಡುವವರು ಜನವರಿ 1 ಒತ್ತುತ್ತಾರೆ, ನಿಮ್ಮ ಪಟ್ಟಿಯಲ್ಲಿ ಊರಿಗೆ ಊರೇ ಹೊಸ ವರ್ಷದ ದಿನ ಹುಟ್ಟಿರುತ್ತದೆ. 'ವಯಸ್ಸು' ಅಂತ ಒಂದು ಬಾಕ್ಸ್, ಪಕ್ಕದಲ್ಲಿ 'ಅಂದಾಜು' ಅಂತ ಒಂದು ಟಿಕ್. ಒಳಗೆ ಹುಟ್ಟಿದ ವರ್ಷವಾಗಿ ಲೆಕ್ಕ ಹಾಕಿ ಇಟ್ಟರೆ ಮುಂದಿನ ಶಿಬಿರಕ್ಕೂ ಬರುತ್ತದೆ.

ಇಲ್ಲೊಂದು ತಮಾಷೆ ಇದೆ. ಯಾರಾದರೂ ಕನ್ನಡ ಅಂಕಿಯಲ್ಲಿ ೬೫ ಅಂತ ಹೊಡೆದರೆ? ಜಾವಾದ ಇಂಟಿಜರ್ ಪಾರ್ಸ್‌ಇಂಟ್ ಅದನ್ನು ಏನೂ ತಕರಾರಿಲ್ಲದೆ 65 ಅಂತ ಓದಿಕೊಳ್ಳುತ್ತದೆ. ಆದರೆ ಅದಕ್ಕೆ ಮೊದಲು ನೀವು ರೆಗ್ಯುಲರ್ ಎಕ್ಸ್‌ಪ್ರೆಷನ್ನಿನ ಬ್ಯಾಕ್‌ಸ್ಲ್ಯಾಶ್ ಡಿ ಹಾಕಿ 'ಅಂಕಿ ಮಾತ್ರ' ಅಂತ ತಪಾಸಣೆ ಇಟ್ಟಿದ್ದರೆ, ಅದು ಇಂಗ್ಲಿಷ್ ಅಂಕಿಯನ್ನಷ್ಟೇ ಒಪ್ಪುತ್ತದೆ. ಬಾಗಿಲಲ್ಲಿ ನಿಂತವನು ತಡೆಯುತ್ತಾನೆ, ಒಳಗಿರೋ ಯಜಮಾನನಿಗೆ ಯಾವ ಅಭ್ಯಂತರವೂ ಇರಲಿಲ್ಲ.

ಫೋನ್ ನಂಬರನ್ನು ಸಂಖ್ಯೆಯಾಗಿ ಇಡಬೇಡಿ. ಜಾವಾದ ಇಂಟ್ ಹಿಡಿಯೋದು ಹೆಚ್ಚೆಂದರೆ 2,14,74,83,647. ನಮ್ಮ ಮೊಬೈಲ್ ನಂಬರ್‌ಗಳು 6ರಿಂದ 9ರೊಳಗೆ ಶುರುವಾಗುವ ಹತ್ತು ಅಂಕಿ, ಅಂದರೆ ಒಂದೂ ಅದರಲ್ಲಿ ಹಿಡಿಸೋದಿಲ್ಲ. ಲಾಂಗ್ ಬಳಸಿದರೆ ಹಿಡಿಸುತ್ತದೆ, ಆದರೆ ಎಸ್‌ಟಿಡಿ ಕೋಡಿನ ಮೊದಲ ಸೊನ್ನೆ ಹಾರಿಹೋಗುತ್ತದೆ. ಫೋನ್ ನಂಬರನ್ನು ಯಾರೂ ಕೂಡೋದಿಲ್ಲ ಕಳೆಯೋದಿಲ್ಲ, ಸ್ಟ್ರಿಂಗ್ ಆಗಿಯೇ ಇರಲಿ.

ಅದಕ್ಕಿಂತ ಮುಖ್ಯ, ಆ ಫೋನು ಯಾರದ್ದು? ಅಜ್ಜಿ ಹೇಳುವ ನಂಬರು ಮೊಮ್ಮಗನದ್ದು, ಅವನು ಇರೋದು ಬೆಂಗಳೂರಲ್ಲಿ. ಬಸ್ಸು ಹೊರಡುವ ದಿನ ಆಸ್ಪತ್ರೆಯವರು ಕರೆ ಮಾಡಿ "ಲಕ್ಷ್ಮಮ್ಮ ಇದ್ದಾರಾ?" ಅಂದರೆ "ರಾಂಗ್ ನಂಬರ್" ಅಂತ ಇಟ್ಟುಬಿಡುತ್ತಾನೆ. 'ಫೋನ್ ಯಾರದ್ದು' ಅಂತ ಇನ್ನೊಂದು ಚಿಕ್ಕ ಬಾಕ್ಸ್ ಇಡೋದಕ್ಕೆ ಐದು ನಿಮಿಷ ಹಿಡಿಯುತ್ತದೆ.

ಅಳಿಸದೆ ಉಳಿದ ಕಣ್ಣು

ಈಗ ನಿಜವಾದ ವಿಷಯಕ್ಕೆ ಬರೋಣ. 'ಬಲಗಣ್ಣು', 'ಎಡಗಣ್ಣು', 'ಎರಡೂ' ಅಂತ ಮೂರು ರೇಡಿಯೊ ಬಟನ್. ಒಂದನ್ನು ಒತ್ತಿದರೆ ಇನ್ನೊಂದು ತಾನಾಗಿ ಬಿಡಬೇಕಲ್ಲ, ಅದಕ್ಕೆ ಮೂರನ್ನೂ ಬಟನ್‌ಗ್ರೂಪ್ ಅನ್ನೋದಕ್ಕೆ ಸೇರಿಸುತ್ತೇವೆ. ಎಲ್ಲ ಪಾಠಗಳಲ್ಲೂ ಇಷ್ಟು ಹೇಳಿರುತ್ತಾರೆ. ಮಾದರಿ ಕೋಡ್‌ಗಳಲ್ಲಿ ಹಲವು ಸಲ ಮೊದಲ ಬಟನ್ನನ್ನು ಮೊದಲೇ ಆಯ್ದಿಟ್ಟಿರುತ್ತಾರೆ, ನೋಡೋಕೆ ಖಾಲಿ ಕಾಣಬಾರದು ಅಂತ. ನಮ್ಮ ಫಾರ್ಮಿನಲ್ಲಿ ಆ ಸಾಲನ್ನು ಅಳಿಸಿ. ಫಾರ್ಮ್ ತೆರೆದಾಗ ಮೂರೂ ಖಾಲಿ ಇರಬೇಕು. ಮೊದಲೇ 'ಬಲ' ಅಂತ ಇದ್ದರೆ, ಗಡಿಬಿಡಿಯಲ್ಲಿ ಮುಟ್ಟದೆ ಬಿಟ್ಟ ಪ್ರತಿ ರೋಗಿಗೂ ಬಲಗಣ್ಣೇ ದಾಖಲಾಗುತ್ತದೆ. ಆ ಪಟ್ಟಿ ನೋಡಿದವರಿಗೆ ಯಾವುದು ಕೇಳಿ ಬರೆದದ್ದು, ಯಾವುದು ಬಿಟ್ಟುಹೋದದ್ದು ಅಂತ ತಿಳಿಯೋದಕ್ಕೆ ದಾರಿಯೇ ಇಲ್ಲ.

ಮೊದಲ ರೋಗಿ ಆಯಿತು, ಸೇವ್ ಒತ್ತಿದಿರಿ, ಫಾರ್ಮ್ ಖಾಲಿ ಆಗಬೇಕು. ಹೆಸರಿನ ಬಾಕ್ಸಿಗೆ ಖಾಲಿ ಪಠ್ಯ ಕೊಟ್ಟರೆ ಖಾಲಿ ಆಗುತ್ತದೆ. ರೇಡಿಯೊ ಬಟನ್‌ಗಳಿಗೂ ಸೆಟ್‌ಸೆಲೆಕ್ಟೆಡ್ ಫಾಲ್ಸ್ ಅಂತ ಬರೆದರೆ ಆಯ್ಕೆ ಹೋಗುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಹೋಗೋದಿಲ್ಲ! ಗುಂಪಿಗೆ ಸೇರಿದ ರೇಡಿಯೊ ಬಟನ್ ಒಮ್ಮೆ ಆಯ್ಕೆಯಾದ ಮೇಲೆ ಬೇರೊಂದು ಆಯ್ಕೆಯಾಗುವ ತನಕ ಬಿಡೋದಿಲ್ಲ, ನೀವು ಫಾಲ್ಸ್ ಅಂದರೂ ಕಿವಿಗೆ ಹಾಕಿಕೊಳ್ಳೋದಿಲ್ಲ. ಎರರ್ ಕೂಡ ಕೊಡೋದಿಲ್ಲ. ಹೆಸರು ಖಾಲಿ, ವಯಸ್ಸು ಖಾಲಿ, ಫೋನ್ ಖಾಲಿ, ಕಣ್ಣು ಮಾತ್ರ ಹಿಂದಿನವರದ್ದು. ಸಾಲಿನಲ್ಲಿ ನೂರು ಜನ ನಿಂತಿದ್ದಾಗ ಅದು ಯಾರ ಗಮನಕ್ಕೂ ಬರುವುದಿಲ್ಲ.

ಮದ್ದು ಒಂದೇ ಸಾಲು. ಬಟನ್‌ಗ್ರೂಪ್‌ನ ಕ್ಲಿಯರ್‌ಸೆಲೆಕ್ಷನ್ ಕರೆಯಬೇಕು, ಜಾವಾ 6ರಿಂದ ಇದೆ. ಸೇವ್ ಮಾಡುವ ಮುನ್ನ ಗೆಟ್‌ಸೆಲೆಕ್ಷನ್ ನಲ್ ಆಗಿದೆಯಾ ನೋಡಿ. ನಲ್ ಆಗಿದ್ದರೆ ಸೇವ್ ಬೇಡ, 'ಯಾವ ಕಣ್ಣು?' ಅಂತ ಆ ಜಾಗವನ್ನು ಕೆಂಪು ಮಾಡಿ ತೋರಿಸಿ.

ಊರಿನ ಪಟ್ಟಿಯಲ್ಲೂ ಇದೇ ರೋಗ ಇನ್ನೊಂದು ವೇಷದಲ್ಲಿದೆ. ಪಟ್ಟಿ ಕೊಟ್ಟು ಜೆಕಾಂಬೊಬಾಕ್ಸ್ ಮಾಡಿದರೆ ಮೊದಲ ಊರು ತಾನಾಗಿ ಆಯ್ಕೆಯಾಗಿರುತ್ತದೆ. ಅಕಾರಾದಿಯಲ್ಲಿ ಮೊದಲು ಬರುವ ಊರಿನಲ್ಲಿ ಕಣ್ಣಿನ ಪೊರೆ ಯಾಕಿಷ್ಟು ಹೆಚ್ಚು ಅಂತ ಆಮೇಲೆ ಯಾರೋ ಚಿಂತೆ ಮಾಡುತ್ತಾರೆ! ಸೆಟ್‌ಸೆಲೆಕ್ಟೆಡ್‌ಇಂಡೆಕ್ಸ್‌ಗೆ ಮೈನಸ್ 1 ಕೊಟ್ಟರೆ ಖಾಲಿ ಇರುತ್ತದೆ.

ಇನ್ನೊಂದು ಮಾತು, ಇದು ಜಾವಾದ್ದಲ್ಲ. ಎದುರಿಗೆ ಕೂತವರ ಬಲಗಣ್ಣು ನಮ್ಮ ಎಡಕ್ಕೆ ಕಾಣುತ್ತದೆ. ಬಟನ್‌ಗಳನ್ನು ಅಕ್ಕಪಕ್ಕ ಇಟ್ಟರೆ ಯಾವ ಕ್ರಮದಲ್ಲಿ ಇಟ್ಟರೂ ಗೊಂದಲ. ಒಂದರ ಕೆಳಗೊಂದು ಇಡಿ, ಪೂರ್ತಿ ಪದ ಬರೆಯಿರಿ. 'ಬ', 'ಎ' ಅಂತ ಚುಟುಕು ಮಾಡಬೇಡಿ, ಎ ಅಂದರೆ ಎಡವೂ ಹೌದು, ಎರಡೂ ಹೌದು.

ಸೇವ್ ಆದಮೇಲೆ 'ಯಶಸ್ವಿಯಾಗಿ ಉಳಿಸಲಾಗಿದೆ' ಅನ್ನೋ ಪಾಪ್-ಅಪ್ ಬೇಡವೇ ಬೇಡ. ಮೂರನೇ ಸಲಕ್ಕೇ ಓದದೆ ಎಂಟರ್ ಒತ್ತುವುದು ಅಭ್ಯಾಸ ಆಗುತ್ತದೆ, ನಿಜವಾದ ಎಚ್ಚರಿಕೆ ಬಂದಾಗಲೂ ಬೆರಳು ಎಂಟರ್ ಒತ್ತಿರುತ್ತದೆ. ಅದರ ಬದಲು ಫಾರ್ಮಿನ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: 'ಟೋಕನ್ 47, ಲಕ್ಷ್ಮಮ್ಮ, ಬಲಗಣ್ಣು'. ಟೈಪ್ ಮಾಡುವವರು ಅದನ್ನು ಜೋರಾಗಿ ಓದಲಿ. ತಪ್ಪಿದ್ದರೆ ಅಜ್ಜಿಯೇ "ಅಯ್ಯೋ, ಈ ಕಣ್ಣಲ್ಲವ್ವಾ" ಅಂತಾರೆ. ಇದಕ್ಕಿಂತ ಒಳ್ಳೆಯ ವ್ಯಾಲಿಡೇಷನ್ ಯಾವ ಲೈಬ್ರರಿಯಲ್ಲೂ ಇಲ್ಲ.

ಎಂಟರ್ ವಿಷಯ ಬಂತಲ್ಲ. ಟ್ಯಾಲಿ ಕಲಿತವರ ಕೈಗೆ ಎಂಟರ್ ಅಂದರೆ ಮುಂದಿನ ಬಾಕ್ಸ್. ನೀವು ಸೇವ್ ಅನ್ನು ಡಿಫಾಲ್ಟ್ ಬಟನ್ ಮಾಡಿದ್ದರೆ, ಹೆಸರು ಹೊಡೆದು ಎಂಟರ್ ಒತ್ತಿದ ಕೂಡಲೇ ಅರ್ಧ ದಾಖಲೆ ಸೇವ್ ಆಗಲು ಹೊರಡುತ್ತದೆ. ಫೋಕಸ್ ಟ್ರಾವರ್ಸಲ್ ಕೀಗಳಿಗೆ ಎಂಟರ್ ಸೇರಿಸಿ, ಸೇವ್‌ಗೆ ಬೇರೆ ಕೀಲಿ ಕೊಡಿ.

ಸೇವ್ ಅಂದರೆ ಎಲ್ಲಿಗೆ?

ಎಸ್‌ಕ್ಯೂಲೈಟ್ ಸಾಕು. ಸರ್ವರ್ ಬೇಡ, ಇಡೀ ಡೇಟಾಬೇಸ್ ಒಂದು ಫೈಲ್. ಜೆಡಿಬಿಸಿ ಡ್ರೈವರಿನ ಒಂದು ಜಾರ್ ಸೇರಿಸಿದರೆ ಕೆಲಸ ಶುರು. ಆಟೊ-ಕಮಿಟ್ ಮೊದಲಿಂದಲೇ ಚಾಲೂ ಇರುವುದರಿಂದ ಪ್ರತಿ ಸೇವ್ ಆಗಿಂದಾಗಲೇ ಡಿಸ್ಕಿಗೆ ಇಳಿಯುತ್ತದೆ. ಊರಲ್ಲಿ ಕರೆಂಟು ಹೋಗೋದು ಯಾವಾಗ ಅಂತ ಹೇಳೋಕಾಗಲ್ಲ, ಲ್ಯಾಪ್‌ಟಾಪಿನ ಹಳೇ ಬ್ಯಾಟರಿ ಎರಡು ನಿಮಿಷಕ್ಕೆ ಕೈ ಎತ್ತುತ್ತದೆ. ಸಂಜೆ ಒಟ್ಟಿಗೆ ಉಳಿಸೋಣ ಅನ್ನುವ ವಿನ್ಯಾಸ ಇಲ್ಲಿ ಆಗಿಬರದು.

ಬರೆಯುವಾಗ ಹೆಸರನ್ನು ಎಸ್‌ಕ್ಯೂಎಲ್ ವಾಕ್ಯದೊಳಗೆ ಪ್ಲಸ್ ಹಾಕಿ ಅಂಟಿಸಬೇಡಿ, ಪ್ರಿಪೇರ್ಡ್‌ಸ್ಟೇಟ್‌ಮೆಂಟ್ ಬಳಸಿ. ಹ್ಯಾಕರ್ ಭಯ ಶಿಬಿರದಲ್ಲಿ ಯಾಕೆ ಅಂತೀರಾ? ಹ್ಯಾಕರ್ ಬೇಕಿಲ್ಲ, ಕರಾವಳಿಯ ಡಿ'ಸೋಜಾ ಅವರು ಬಂದರೆ ಸಾಕು. ಅವರ ಹೆಸರನ್ನು ಇಂಗ್ಲಿಷಿನಲ್ಲಿ ಹೊಡೆದಾಗ ನಡುವೆ ಬರುವ ಅಪಾಸ್ಟ್ರಫಿ ನಿಮ್ಮ ವಾಕ್ಯವನ್ನು ಅಲ್ಲೇ ಮುರಿಯುತ್ತದೆ.

ಆಸ್ಪತ್ರೆಗೆ ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ ಕೊಡುವುದಾದರೆ ಯುಟಿಎಫ್-8ರಲ್ಲಿ ಬರೆಯಿರಿ. 2022ರ ಜಾವಾ 18ರಿಂದ ಅದೇ ಡಿಫಾಲ್ಟ್, ಹಳೆಯದರಲ್ಲಿ ನೀವಾಗಿ ಹೇಳಬೇಕು. ಫೈಲಿನ ತಲೆಯಲ್ಲಿ ಬಿಒಎಂ ಅನ್ನೋ ಗುರುತು ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದವರಿಗೆ ಕನ್ನಡದ ಬದಲು ಕಸ ಕಾಣಬಹುದು.

ಆಧಾರ್ ಸಂಖ್ಯೆಯ ಬಾಕ್ಸ್ ಇಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಯಾಕೆ ಬೇಕು ಅಂತ ಕೇಳಿ. "ಇರಲಿ ಅಂತ" ಅಂದರೆ ಬೇಡ. ಎಸ್‌ಕ್ಯೂಲೈಟ್ ಫೈಲಿಗೆ ತಾನಾಗಿ ಪಾಸ್‌ವರ್ಡ್ ಇರೋದಿಲ್ಲ, ಲ್ಯಾಪ್‌ಟಾಪ್ ಕೈಗೆ ಸಿಕ್ಕವರಿಗೆ ಊರಿನವರ ಕಾಯಿಲೆ, ಫೋನು ಎಲ್ಲ ತೆರೆದ ಪುಸ್ತಕ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ 2023ರಲ್ಲಿ ಕಾನೂನೂ ಬಂದಿದೆ. ಪಟ್ಟಿ ಆಸ್ಪತ್ರೆಗೆ ತಲುಪಿದ ಮೇಲೆ ಶಾಲೆಯ ಲ್ಯಾಪ್‌ಟಾಪಿನಿಂದ ಯಾರು, ಯಾವಾಗ ಅಳಿಸುತ್ತಾರೆ ಅಂತ ಮೇಷ್ಟ್ರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಆ ಲ್ಯಾಪ್‌ಟಾಪಿನಲ್ಲಿ ಜಾವಾ ಇರೋದಿಲ್ಲ ಅಂತಲೇ ಇಟ್ಟುಕೊಳ್ಳಿ. ಜೆಡಿಕೆ 16ರಿಂದ ಪೂರ್ಣವಾಗಿ ಬಂದ ಜೆಪ್ಯಾಕೇಜ್ ಅನ್ನೋ ಸಾಧನ, ನಿಮ್ಮ ಪ್ರೋಗ್ರಾಂ ಜೊತೆಗೆ ಬೇಕಾದ ಜಾವಾವನ್ನೂ ಒಂದೇ ಫೋಲ್ಡರಿನಲ್ಲಿ ಕಟ್ಟಿಕೊಡುತ್ತದೆ. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ ಡಬಲ್ ಕ್ಲಿಕ್ ಮಾಡಿದರೆ ಆಯಿತು. ವಿಂಡೋಸ್‌ಗೆ ಬೇಕಾದ್ದನ್ನು ವಿಂಡೋಸ್‌ನಲ್ಲೇ ಕಟ್ಟಬೇಕು, ಆಫೀಸಿನ ಮ್ಯಾಕ್‌ಬುಕ್ಕಿನಲ್ಲಿ ಕಟ್ಟಿದ್ದು ಅಲ್ಲಿ ನಡೆಯದು. ಹಳೆಯ ಲ್ಯಾಪ್‌ಟಾಪ್ 32-ಬಿಟ್‌ನದ್ದಾ ಅಂತಲೂ ಫೋನ್ ಮಾಡಿ ಕೇಳಿಬಿಡಿ.

ಶಿಬಿರಕ್ಕೆ ಒಂದು ವಾರ ಇರುವಾಗ, ಆ ದಿನ ಟೈಪ್ ಮಾಡಲಿರುವವರನ್ನೇ ಕೂರಿಸಿ, ಹಳೆಯ ಶಿಬಿರದ ಕಾಗದದ ರಿಜಿಸ್ಟರಿನಿಂದ ಇಪ್ಪತ್ತು ಹೆಸರು ಹೊಡೆಸಿ. ನೀವು ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡು ನೋಡಿ. ಎಲ್ಲಿ ಕೈ ನಿಲ್ಲುತ್ತದೆ, ಎಲ್ಲಿ ಮೌಸ್ ಹುಡುಕುತ್ತಾರೆ ಅಂತ ಗುರುತು ಹಾಕಿಕೊಳ್ಳಿ. ಆಮೇಲೆ ಇಪ್ಪತ್ತೊಂದನೆಯದಕ್ಕೆ ಬೇಕಂತಲೇ ಕಣ್ಣಿನ ಬಟನ್ ಮುಟ್ಟದೆ ಸೇವ್ ಒತ್ತೋಕೆ ಹೇಳಿ. ಫಾರ್ಮ್ ಒಪ್ಪಿಕೊಂಡರೆ ಪೆನ್‌ಡ್ರೈವ್ ವಾಪಸ್ ತಗೊಂಡು ಬನ್ನಿ, ಇನ್ನೂ ಒಂದು ವಾರ ಇದೆ.